ಮಳೆ ನಿಂತ ಮೇಲೆ ಅಣಬೆ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಕಳೆದ ಡಿಸೆಂಬರ್ ಕೊನೆಯಲ್ಲಿ ನಾನು, ನನ್ನ ಯಜಮಾನರು ಮತ್ತು ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಮಲ್ಪೆಯ ಕಡಲ ತೀರದಿಂದ ಹೊರಟು ಮಣಿಪಾಲ, ಹಿರಿಯಡಕ, ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆಯವರೆಗೆ ಐದು ದಿನ ನಡೆದೆವು. ಆದಷ್ಟು ಹಳ್ಳಿಯ ಒಳದಾರಿಗಳನ್ನೇ ಹಿಡಿದೆವು, ರಾತ್ರಿ ನೆಂಟರ ಮನೆಗಳಲ್ಲಿ ತಂಗಿದೆವು. ಸೀತಾನದಿಯ ಬಂಡೆಗಳ ನಡುವೆ ನೊರೆ ಇತ್ತು, ಮೇಲಿನಿಂದ ಯಾರೋ ಸೋಪು ಬಿಟ್ಟಿರಬೇಕು. ಮಗಳಿಗೆ ಅಣಬೆಗಳ ಹುಚ್ಚು. ಆದರೆ ಐದು ದಿನದಲ್ಲಿ ಕೊಡೆಯಾಕಾರದ ಒಂದು ಅಣಬೆಯೂ ಸಿಗಲಿಲ್ಲ. ಕಂಡದ್ದು ಇಷ್ಟು: ಹಿರಿಯಡಕದ ಬಳಿ ಅಕೇಶಿಯ ದಿಮ್ಮಿಯ ಮೇಲೆ ಕುಂಕುಮದಂತಹ ಕೆಂಪು ಬಿಲ್ಲೆಗಳು; ಗೇರು ಮರದ ಬೊಡ್ಡೆಯ ಮೇಲೆ ಬೂದು ರೋಮದ ಪುಟ್ಟ ಬೀಸಣಿಗೆಗಳು; ಅತ್ತೆಯ ತೋಟದಲ್ಲಿ ಕಂಗಿನ (ಅಡಕೆ ಮರದ) ಬುಡಕ್ಕೆ ಅಂಟಿದ, ಅಂಚಿನಲ್ಲಿ ಬಿಳಿ ಪಟ್ಟಿಯಿರುವ ಹೊಳೆಯುವ ಕಂದು ಹಲಗೆ, ಸುತ್ತಲ ಹುಲ್ಲಿನ ಮೇಲೆ ಕೋಕೋ ಹುಡಿಯಂತಹ ಧೂಳು; ಘಟ್ಟದ ಕೆಳಗಿನ ಕಾಡಿನಲ್ಲಿ ಸಣ್ಣ ಆಲಿಕೆಗಳಂಥವು, ಇದ್ದಿಲಿನ ಉಂಡೆಯಂಥವು, ಪೊದೆಗಳಿಗೆ ಸುತ್ತಿಕೊಂಡ ಕಪ್ಪು ಕೂದಲು. ಇವೆಲ್ಲ ಅಣಬೆಗಳೇ? ಚಳಿಗಾಲದಲ್ಲಿ ಅಣಬೆ ಹುಡುಕಿದ್ದೇ ತಪ್ಪೇ? ಮುಟ್ಟಿದರೆ ಅಪಾಯವಿದೆಯೇ, ಯಾವುದನ್ನಾದರೂ ತಿನ್ನಬಹುದೇ? ಮುಂದಿನ ಡಿಸೆಂಬರ್‌ನಲ್ಲಿ ಮತ್ತೆ ಹೊರಡುವವರಿದ್ದೇವೆ, ಏನನ್ನು ನೋಡಬೇಕು? ಮಗಳು ಒಂದು ಬೀಸಣಿಗೆಯನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದಿದ್ದಾಳೆ. ಅದು ಸತ್ತಿದೆಯೇ ಎಂದು ದಿನವೂ ಕೇಳುತ್ತಾಳೆ.
ಓದುಗರು, ಉಡುಪಿ

ಉತ್ತರ: ನಿಮ್ಮ ಪಟ್ಟಿಯಲ್ಲಿರುವ ಆರೂ ಶಿಲೀಂಧ್ರಗಳೇ. ಏನೂ ಸಿಗಲಿಲ್ಲ ಎಂದು ಬೇಸರಪಟ್ಟುಕೊಂಡಿದ್ದೀರಿ. ನಾನು ಮಂಗಳೂರಿನಲ್ಲಿ ಬಹಳ ವರ್ಷ ಸಸ್ಯಶಾಸ್ತ್ರ ಕಲಿಸಿದವನು; ಮಳೆಗಾಲದ ಪ್ರವಾಸಗಳಲ್ಲಿ ವಿದ್ಯಾರ್ಥಿಗಳು ಬಿಳಿ ಕೊಡೆಗಳ ಹಿಂದೆ ಓಡುತ್ತ ಈ ಆರನ್ನೂ ದಾಟಿ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಮಗಳು ನಿಂತು ನೋಡಿದ್ದಾಳೆ, ಯಾವ ಮರದ ಮೇಲೆ ಕಂಡಿತು ಎಂಬುದನ್ನೂ ಬರೆದುಕೊಂಡಿದ್ದಾಳೆ. ಆ ಒಂದು ವಿವರ ಇದ್ದುದರಿಂದಲೇ ಇಷ್ಟು ದೂರ ಕುಳಿತು ನಾನು ಉತ್ತರ ಬರೆಯಲು ಸಾಧ್ಯವಾಗಿದೆ.

ಮೊದಲು ಕೊಡೆಗಳ ವಿಷಯ. ಅಣಬೆ ಎಂದು ನಾವು ಕರೆಯುವುದು ಶಿಲೀಂಧ್ರದ ಹಣ್ಣನ್ನು. ಅದರ ಮೈ ಎಂದರೆ ಕೂದಲಿಗಿಂತಲೂ ತೆಳುವಾದ ಎಳೆಗಳ ಜಾಲ. ಆ ಜಾಲ ಮಣ್ಣಿನೊಳಗೆ, ಮರದೊಳಗೆ, ತರಗೆಲೆಯೊಳಗೆ ವರ್ಷವಿಡೀ ಇರುತ್ತದೆ. ಡಿಸೆಂಬರ್‌ನಲ್ಲಿ ಹಣ್ಣಿಲ್ಲವೆಂದು ಅಂಗಳದ ಮಾವಿನ ಮರವೇ ಇಲ್ಲ ಎಂದು ಯಾರೂ ಹೇಳುವುದಿಲ್ಲವಲ್ಲ, ಇದೂ ಹಾಗೆಯೇ. ಕೊಡೆ ಅಣಬೆಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಮೊಗ್ಗಿನಲ್ಲೇ ಅದರ ಕಾಂಡ, ಕೊಡೆ, ಕೊಡೆಯಡಿಯ ಪದರ ಎಲ್ಲ ಪುಟ್ಟದಾಗಿ ರೂಪುಗೊಂಡಿರುತ್ತವೆ. ಮಳೆ ಬಿದ್ದಾಗ ಅವು ನೀರು ಹೀರಿ ಉಬ್ಬಿದರೆ ಸಾಕು. ನಿನ್ನೆ ಸಂಜೆ ಖಾಲಿಯಿದ್ದ ಜಾಗದಲ್ಲಿ ಬೆಳಗ್ಗೆ ಅಣಬೆ ಎದ್ದಿರುವುದು ಹೀಗೆ. ಬೀಜಕಗಳನ್ನು, ಎಂದರೆ ಹೊಸ ಶಿಲೀಂಧ್ರ ಹುಟ್ಟುವ ಹುಡಿಯಂತಹ ಕಣಗಳನ್ನು, ಎಸೆಯುವುದಕ್ಕೂ ತೇವ ಬೇಕು. ಕೊಡೆಯ ಅಡಿಯಲ್ಲಿ ಪ್ರತಿ ಬೀಜಕದ ಬುಡದಲ್ಲೂ ಗಾಳಿಯ ತೇವದಿಂದ ಸೂಕ್ಷ್ಮವಾದ ಒಂದು ಹನಿ ಕಟ್ಟುತ್ತದೆ. ಅದು ದೊಡ್ಡದಾಗುತ್ತ ಹೋಗಿ ಬೀಜಕದ ಮೈಮೇಲಿನ ನೀರಿನ ಪೊರೆಗೆ ತಾಕಿ ಒಂದಾಗುತ್ತದೆ, ಆ ಕ್ಷಣದ ಸೆಳೆತಕ್ಕೆ ಬೀಜಕ ಚಿಮ್ಮುತ್ತದೆ. ಒಣಗಾಳಿಯಲ್ಲಿ ಆ ಹನಿ ಕಟ್ಟುವುದಿಲ್ಲ. ಹನಿ ಕಟ್ಟದ ಕಾಲದಲ್ಲಿ ಕೊಡೆ ಬಿಡಿಸಿದರೆ ಶಿಲೀಂಧ್ರಕ್ಕೆ ನಷ್ಟ.

ನಮ್ಮ ಕರಾವಳಿಯಲ್ಲಿ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಕಾಣುವ ಆಗುಂಬೆಯಲ್ಲೂ ಡಿಸೆಂಬರ್ ಕೊನೆಗೆ ನೆಲದ ಮೇಲ್ಪದರ ಒಣಗುತ್ತಿರುತ್ತದೆ. ಹಾಗಾಗಿ ಹುತ್ತದ ಅಣಬೆ, ಕಲ್ಲಣಬೆಗಳೆಲ್ಲ ನಿಮ್ಮ ಕಾಲ ಕೆಳಗೇ ಇದ್ದವು, ಹಣ್ಣು ಬಿಟ್ಟಿರಲಿಲ್ಲ. ಹುತ್ತದ ಅಣಬೆಯನ್ನಂತೂ ಗೆದ್ದಲುಗಳೇ ಸಾಕುತ್ತವೆ. ಜಗಿದ ಸೌದೆ, ಹುಲ್ಲು, ಎಲೆಗಳಿಂದ ಹುತ್ತದೊಳಗೆ ಜೇನುತಟ್ಟಿಯಂತಹ ತಟ್ಟಿಗಳನ್ನು ಕಟ್ಟಿ ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುತ್ತವೆ. ಮೊದಲ ಮಳೆಗಳ ನಂತರ ನಮ್ಮ ಅಡುಗೆಮನೆಗೆ ಬರುವುದು ಆ ತೋಟದ ಹೊರಚಾಚು. ಮುಂದಿನ ಸಲ ದಾರಿಬದಿಯಲ್ಲಿ ಗೆದ್ದಲಿರುವ ಒಣ ಹುತ್ತ ಕಂಡರೆ ಮಗಳಿಗೆ ಇದನ್ನು ಹೇಳಿ.

ಚಳಿಗಾಲದಲ್ಲಿ ಕಣ್ಣು ನೆಲದಿಂದ ಮರಕ್ಕೆ ಏರಬೇಕು. ಸತ್ತ ಮರ ನೀರನ್ನು ನೆಲಕ್ಕಿಂತ ಹೆಚ್ಚು ಕಾಲ ಹಿಡಿದಿಡುತ್ತದೆ. ಅದರೊಳಗಿರುವ ಶಿಲೀಂಧ್ರಗಳು ಬಿಡುವ ಹಣ್ಣು ತೊಗಲಿನಂತೆ, ಕಾರ್ಕಿನಂತೆ, ಕೆಲವೊಮ್ಮೆ ಮರದಂತೆಯೇ ಗಟ್ಟಿ. ಅವು ಒಣಗುತ್ತವೆ, ಕೊಳೆಯುವುದಿಲ್ಲ. ಹೀಗಾಗಿ ಆಗಸ್ಟ್‌ನಲ್ಲಿ ಹುಟ್ಟಿದ್ದು ಡಿಸೆಂಬರ್‌ನಲ್ಲಿ ನೀವು ಬರುವವರೆಗೂ ಅಲ್ಲೇ ಇರುತ್ತದೆ. ಪೊದೆ ತಗ್ಗಿರುತ್ತದೆ, ಇಂಬಳದ ಕಾಟ ಇರುವುದಿಲ್ಲ, ದಿಮ್ಮಿಯ ಪಕ್ಕ ನೆಮ್ಮದಿಯಾಗಿ ಕುಳಿತು ನೋಡಬಹುದು. ಮರದ ಶಿಲೀಂಧ್ರಗಳನ್ನು ಕಲಿಯುವುದಕ್ಕೆ ಡಿಸೆಂಬರ್, ಜನವರಿಗಳಷ್ಟು ಒಳ್ಳೆಯ ಕಾಲ ನಮ್ಮಲ್ಲಿ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಹಿರಿಯಡಕದ ಕೆಂಪು ಬಿಲ್ಲೆ ಪಿಕ್ನೋಪೋರಸ್ ಸ್ಯಾಂಗ್ವಿನಿಯಸ್. ನೆತ್ತರಿನ ಬಣ್ಣದ್ದು ಎಂದೇ ಆ ಹೆಸರಿನ ಅರ್ಥ. ಬಿಸಿಲಿಗೆ ಅಂಜದ ಜಾತಿ ಇದು. ದಟ್ಟ ಕಾಡಿಗಿಂತ ಕಡಿದು ಬಿಸಾಡಿದ ದಿಮ್ಮಿ, ಬೇಲಿಯ ಗೂಟ, ಸೌದೆ ರಾಶಿಗಳ ಮೇಲೆ ಹೆಚ್ಚು. ಅದರ ಅಡಿ ನೋಡಿದರೆ ಕೊಡೆ ಅಣಬೆಯ ಪದರಗಳಿರುವುದಿಲ್ಲ, ಸೂಜಿಮೊನೆಯಿಂದ ಚುಚ್ಚಿದಂತೆ ಸಾವಿರಾರು ರಂಧ್ರಗಳಿರುತ್ತವೆ. ಪ್ರತಿ ರಂಧ್ರವೂ ಒಂದು ಕೊಳವೆ, ಕೊಳವೆಯ ಒಳಗೋಡೆಯಲ್ಲಿ ಬೀಜಕಗಳು. ಕಂಗಿನ ಬುಡದ ಹಲಗೆಗೂ, ಕಾಡಿನ ಆಲಿಕೆಗೂ ಇದೇ ರಚನೆ.

ಈಗ ಆ ದಿಮ್ಮಿಯನ್ನೇ ಸ್ವಲ್ಪ ನೋಡೋಣ, ಬಿಲ್ಲೆಗಿಂತ ದಿಮ್ಮಿ ಹೆಚ್ಚಿನ ಕಥೆ ಹೇಳುತ್ತದೆ. ಮರದ ಗಟ್ಟಿತನಕ್ಕೆ ಎರಡು ವಸ್ತುಗಳು ಮುಖ್ಯ: ಉದ್ದುದ್ದ ನಾರಿನಂತಹ ಸೆಲ್ಯುಲೋಸ್, ಆ ನಾರುಗಳನ್ನು ಬಿಗಿದು ಹಿಡಿಯುವ ಕಂದು ಬಣ್ಣದ ಲಿಗ್ನಿನ್. ಲಿಗ್ನಿನ್ ಒಡೆಯುವುದು ಬಹಳ ಕಷ್ಟದ ಕೆಲಸ. ಅದನ್ನು ಪೂರ್ತಿಯಾಗಿ ಕರಗಿಸಬಲ್ಲ ಜೀವಿಗಳಲ್ಲಿ ಈ ಮರದ ಶಿಲೀಂಧ್ರಗಳದ್ದೇ ಮೊದಲ ಸ್ಥಾನ. ನಿಮ್ಮ ಕೆಂಪು ಬಿಲ್ಲೆ ಅದಕ್ಕಾಗಿ ಲ್ಯಾಕೇಸ್ ಎಂಬ ಕಿಣ್ವವನ್ನು ಧಾರಾಳವಾಗಿ ಸುರಿಸುತ್ತದೆ. ಕಂದು ಬಣ್ಣ ಹೋದ ಮರ ಬೆಳ್ಳಗಾಗಿ, ನಾರುನಾರಾಗಿ, ಹಗುರಾಗಿ ಬೆರಳಲ್ಲಿ ಹಿಸುಕಿದರೆ ಎಳೆಎಳೆಯಾಗಿ ಬಿಡುತ್ತದೆ. ಇದು ಬಿಳಿ ಕೊಳೆ. ಇನ್ನು ಕೆಲವು ಜಾತಿಗಳು ಸೆಲ್ಯುಲೋಸನ್ನು ತಿಂದು ಲಿಗ್ನಿನ್ನನ್ನು ಬಹುಮಟ್ಟಿಗೆ ಉಳಿಸುತ್ತವೆ. ಆಗ ಮರ ಕಂದಾಗಿ, ಬಿರುಕುಬಿಟ್ಟ ಕೆರೆಯಂಗಳದಂತೆ ಚೌಕಚೌಕವಾಗಿ ಒಡೆಯುತ್ತದೆ. ಅದು ಕಂದು ಕೊಳೆ. ನಮ್ಮ ಕಾಡುಗಳಲ್ಲಿ ಬಿಳಿಯದ್ದೇ ಹೆಚ್ಚು. ದಾರಿಯಲ್ಲಿ ಮುರಿದು ಬಿದ್ದ ಕೊಂಬೆ ಸಿಕ್ಕರೆ ಇದು ಯಾವುದು ಎಂದು ಮಗಳು ನೋಡಲಿ. ಕೊಂಬೆ ಮುರಿದ ಕಡೆ ಶಾಯಿಯಿಂದ ಎಳೆದಂತೆ ತೆಳ್ಳನೆಯ ಕಪ್ಪು ಗೆರೆಗಳೂ ಕಾಣಬಹುದು. ಎರಡು ಶಿಲೀಂಧ್ರಗಳು ಒಂದೇ ಮರದೊಳಗೆ ಬೆಳೆಯುತ್ತ ಎದುರುಬದುರಾದಾಗ ಹಾಕಿಕೊಂಡ ಗಡಿಗೆರೆ ಅದು. ಪಕ್ಕದವರ ಜಮೀನಿನ ಅಗಳಿನಷ್ಟೇ ಗಟ್ಟಿಯಾದ ಗಡಿ. ಬಣ್ಣದ ಹಣ್ಣು ಇಲ್ಲದ ಮರದಲ್ಲೂ ಈ ಗೆರೆ ಇರುತ್ತದೆ, ಬೇಸಗೆಯಲ್ಲೂ ಇರುತ್ತದೆ.

ಅತ್ತೆಯವರ ತೋಟದ ಕಂದು ಹಲಗೆಯ ವಿಷಯ ಮಾತ್ರ ಕುತೂಹಲಕ್ಕೆ ಬಿಡುವಂಥದ್ದಲ್ಲ, ದಯವಿಟ್ಟು ಈ ವಾರವೇ ಅವರಿಗೆ ಫೋನ್ ಮಾಡಿ. ಹೊಳೆಯುವ ಕಂದು ಮೇಲ್ಮೈ, ಅಂಚಿನಲ್ಲಿ ಬಿಳಿ ಪಟ್ಟಿ, ಸುತ್ತಲ ಹುಲ್ಲಿನ ಮೇಲೆ ಕೋಕೋ ಹುಡಿಯಂತಹ ಧೂಳು ಎಂದು ಬರೆದಿದ್ದೀರಿ. ಇವೆಲ್ಲ ಗ್ಯಾನೋಡರ್ಮಾದ ಲಕ್ಷಣಗಳು, ಆ ಧೂಳು ಅದರ ಬೀಜಕಗಳು. ಕೃಷಿಕರು ಇದನ್ನು ಅಣಬೆ ರೋಗ ಎಂದೇ ಕರೆಯುತ್ತಾರೆ. ಶಿಲೀಂಧ್ರ ಮೊದಲು ಬೇರನ್ನು, ಅನಂತರ ಕಾಂಡದ ಬುಡವನ್ನು ತಿನ್ನುತ್ತದೆ. ಹೊರಸುತ್ತಿನ ಸೋಗೆಗಳು ಹಳದಿಯಾಗಿ ಜೋತುಬೀಳುತ್ತವೆ, ಬುಡದಲ್ಲಿ ಕಂದು ಮಚ್ಚೆಗಳಾಗಿ ಅಂಟು ಸೋರುತ್ತದೆ. ಹಲಗೆ ಕಾಣಿಸುವ ಹೊತ್ತಿಗೆ ಆ ಮರದ ಕಥೆ ಹೆಚ್ಚುಕಡಿಮೆ ಮುಗಿದಂತೆ. ನಾವು ಉಳಿಸಬೇಕಾದ್ದು ಪಕ್ಕದ ಮರಗಳನ್ನು, ಏಕೆಂದರೆ ರೋಗ ಬೇರಿನಿಂದ ಬೇರಿಗೆ ಮಣ್ಣಿನಲ್ಲೇ ದಾಟುತ್ತದೆ. ಹಲಗೆಯನ್ನು ಕಿತ್ತು ಎಸೆದರೆ ಏನೂ ಆಗುವುದಿಲ್ಲ, ಕಿತ್ತದ್ದು ಹಣ್ಣು ಮಾತ್ರ. ರೋಗದ ಮರವನ್ನು ಬೊಡ್ಡೆ, ಬೇರು ಸಹಿತ ತೆಗೆದು ಸುಡುವುದು, ಸುತ್ತ ಕಂದಕ ತೋಡಿ ಬೇರುಗಳ ಸಂಪರ್ಕ ಕಡಿಯುವುದು, ನೀರು ನಿಲ್ಲದಂತೆ ಬಸಿಗಾಲುವೆ ಸರಿಮಾಡುವುದು, ಇವು ಮುಖ್ಯ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿದರೆ ಕಂದಕದ ಅಳತೆ, ಔಷಧದ ಪ್ರಮಾಣ ಎಲ್ಲವನ್ನೂ ಮರ ನೋಡಿ ಹೇಳುತ್ತಾರೆ. ಇನ್ನೊಂದು ಮಾತು: ಹಲಗೆಯಲ್ಲಿ ಒಂದರ ಮೇಲೊಂದು ಕೂಡಿದ ಪದರಗಳನ್ನು ಎಣಿಸಿ ಇಷ್ಟು ವರ್ಷ ಹಳೆಯದು ಎಂದು ಹೇಳುವವರಿದ್ದಾರೆ. ನಮ್ಮಂಥ ಬೆಚ್ಚಗಿನ ನಾಡಿನಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪದರ ಬರಬಹುದು, ಆ ಲೆಕ್ಕವನ್ನು ನಂಬಬೇಡಿ.

ತೋಟದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಜಗತ್ತಿನ ಸಸ್ಯರೋಗ ಶಾಸ್ತ್ರಕ್ಕೆ ಕನ್ನಡ ಕೊಟ್ಟ ಮಾತುಗಳಲ್ಲಿ ಎರಡು ನನಗೆ ಬಹಳ ಪ್ರಿಯ. ಭತ್ತದ ತೆನೆ ಕಾಳುಕಟ್ಟದೆ ಬೂದು ಕಡ್ಡಿಯಂತೆ ಸೆಟೆದು ನಿಲ್ಲುವ ರೋಗಕ್ಕೆ ಎಲ್ಲ ದೇಶದ ಪುಸ್ತಕಗಳಲ್ಲೂ ನಮ್ಮ ಊದುಬತ್ತಿಯ ಹೆಸರೇ ಇದೆ. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಶಿಲೀಂಧ್ರತಜ್ಞ ಕುಕ್ 1876ರಲ್ಲಿ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟರು. ಮುಂದೆ ಕೊಳೆರೋಗ ಎಂಬುದೇ ಒಂದು ಕುಲದ ಹೆಸರೂ ಆಯಿತು. ರೋಗವನ್ನು ಮೊದಲು ಕಣ್ಣಿಟ್ಟು ನೋಡಿದವರು ಬೇಸಾಯಗಾರರು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅಡಕೆಯ ಕೊಳೆರೋಗ ಬೇರೆಯದು. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅದರ ಬಗ್ಗೆ ವರದಿ ಬರೆದರು. ಅದನ್ನು ತರುವ ಫೈಟಾಫ್ತೊರವನ್ನು ಇಂದಿನ ವಿಜ್ಞಾನ ಶಿಲೀಂಧ್ರ ಎನ್ನುವುದಿಲ್ಲ, ಕಡಲಿನ ಕಂದು ಪಾಚಿಗಳ ದೂರದ ನೆಂಟ ಎನ್ನುತ್ತದೆ. ಕಂಗಿನ ಮೈಮೇಲಿನ ಬಿಳಿ ಮಚ್ಚೆಗಳನ್ನು ನೋಡಿಯೂ ಹೆದರಬೇಕಾಗಿಲ್ಲ. ಅವು ಶಿಲೀಂಧ್ರ ಮತ್ತು ಪಾಚಿ ಸೇರಿ ಒಂದಾಗಿ ಬಾಳುವ ಕಲ್ಲುಹೂವಿನ ಬಳಗ, ಮರಕ್ಕೆ ತೊಂದರೆಯಿಲ್ಲ. ಮಸಾಲೆಗೆ ಹಾಕುವ ಕಲ್ಲುಹೂವು ಇದೇ ಬಳಗದ್ದು. ಲೆನ್ಸ್ ಹಿಡಿದರೆ ಕೆಲವು ಮಚ್ಚೆಗಳ ಮೇಲೆ ಯಾವುದೋ ಹಳೆಯ ಲಿಪಿಯಂತಹ ಕಪ್ಪು ಗೀಟುಗಳು ಕಾಣುತ್ತವೆ, ಅದು ಗ್ರಾಫಿಸ್.

ಸೋಮೇಶ್ವರದ ಕಾಡಿಗೆ ಬರೋಣ. ಸಣ್ಣ ಆಲಿಕೆಗಳು ಮೈಕ್ರೋಪೋರಸ್ ಕ್ಸಾಂತೋಪಸ್. ಕಂದು ಬಣ್ಣದ ಸುತ್ತುಪಟ್ಟೆಗಳು, ಕಾಗದದಷ್ಟು ತೆಳು ಅಂಚು, ಕಾಂಡದ ಬುಡದಲ್ಲಿ ಕೊಂಬೆಯನ್ನು ಒತ್ತಿ ಹಿಡಿದ ಹಳದಿ ಪಾದ. ಘಟ್ಟದ ಕಾಡುಗಳಲ್ಲಿ ಇದಿಲ್ಲದ ಕೊಂಬೆರಾಶಿ ಕಡಿಮೆ. ಇದ್ದಿಲಿನ ಉಂಡೆ ಡಾಲ್ಡಿನಿಯ. ಒಡೆದು ನೋಡಿದರೆ ಒಳಗೆ ಬೆಳ್ಳಿ, ಕಪ್ಪು ಬಣ್ಣದ ಉಂಗುರಗಳು ಒಂದರೊಳಗೊಂದು. ಒಣಗಿದ ಉಂಡೆಗೆ ಕಿಡಿ ತಾಕಿದರೆ ಉರಿಯದೆ ನಿಧಾನವಾಗಿ ಕನಲುತ್ತಲೇ ಇರುತ್ತದೆ, ಹಿಂದಿನ ಕಾಲದಲ್ಲಿ ಹಲವು ದೇಶಗಳಲ್ಲಿ ಬೆಂಕಿಯನ್ನು ಊರಿಂದೂರಿಗೆ ಒಯ್ಯಲು ಇದನ್ನು ಬಳಸುತ್ತಿದ್ದರು. ಕಪ್ಪು ಕೂದಲೂ ಶಿಲೀಂಧ್ರವೇ. ಮರಾಸ್ಮಿಯಸ್ ಕುಲದ ಕೆಲವು ಜಾತಿಗಳು ಕುದುರೆಯ ಬಾಲದ ಕೂದಲಿನಂತಹ ಗಟ್ಟಿ ಎಳೆಗಳನ್ನು ಪೊದೆಯಿಂದ ಪೊದೆಗೆ ಹರಡುತ್ತವೆ. ಮೇಲಿನಿಂದ ಉದುರುವ ಎಲೆಗಳು ನೆಲ ಮುಟ್ಟುವ ಮೊದಲೇ ಈ ಬಲೆಗೆ ಸಿಕ್ಕಿ ಅಲ್ಲೇ ಕೊಳೆಯುತ್ತವೆ. ಉಷ್ಣವಲಯದ ಕಾಡುಗಳಲ್ಲಿ ಹಕ್ಕಿಗಳು ಇವೇ ಎಳೆಗಳನ್ನು ಹೆಕ್ಕಿ ಗೂಡು ನೇಯುತ್ತವೆ. ಗೂಡು ಕಟ್ಟಿ ಬಿಟ್ಟುಹೋದದ್ದು ಸಿಕ್ಕರೆ ಅದರಲ್ಲೂ ಹುಡುಕಿ.

ಶಿಲೀಂಧ್ರ ಎಲ್ಲೆಲ್ಲಿ ಬೇರೂರಬಹುದು ಎನ್ನುವುದಕ್ಕೆ ನಿಮ್ಮ ಜಿಲ್ಲೆಯದೇ ಒಂದು ಉದಾಹರಣೆ ಇದೆ. 2023ರ ಜೂನ್‌ನಲ್ಲಿ ಕಾರ್ಕಳದ ಬಳಿಯ ಮಾಳದಲ್ಲಿ, ರಸ್ತೆಬದಿಯ ಹೊಂಡದಲ್ಲಿ ಚಿನ್ನದ ಬೆನ್ನಿನ ಕಪ್ಪೆಗಳನ್ನು ನೋಡುತ್ತಿದ್ದವರಿಗೆ ಒಂದು ಕಪ್ಪೆಯ ಪಕ್ಕೆಯಿಂದ ಪುಟ್ಟ ಅಣಬೆಯೊಂದು ಎದ್ದಿರುವುದು ಕಾಣಿಸಿತು. ಕಪ್ಪೆ ಜೀವಂತವಾಗಿ ಆರಾಮವಾಗಿ ಕುಳಿತಿತ್ತು. ಮರುವರ್ಷ ಜನವರಿಯಲ್ಲಿ ಆ ವರದಿ ಪ್ರಕಟವಾದಾಗ ಜಗತ್ತೇ ಮಾಳದ ಕಡೆ ತಿರುಗಿ ನೋಡಿತು. ಚಿತ್ರ ನೋಡಿದವರು ಅದು ಮೈಸಿನ ಕುಲದ್ದು ಎಂದರು. ಅದು ಸಾಮಾನ್ಯವಾಗಿ ಕೊಳೆತ ಮರದ ಮೇಲೆ ಬದುಕುವ ಅಣಬೆ. ಇದನ್ನು ಕಂಡವರು ಅಪೂರ್ವ ಉಪಕರಣಗಳನ್ನೇನೂ ಹೊತ್ತು ಹೋದವರಲ್ಲ, ಹೊಂಡದ ಬದಿಯಲ್ಲಿ ನಿಂತು ಒಂದೊಂದೇ ಕಪ್ಪೆಯನ್ನು ನೋಡಿದವರು.

ಈಗ ನೀವು ಕೇಳದೇ ಇದ್ದ ಸಂಗತಿ. ನಿಮ್ಮ ನಡಿಗೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸಿದ್ದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ವಾಕ್ಯ: “ಸೀತಾನದಿಯ ಬಂಡೆಗಳ ನಡುವೆ ನೊರೆ ಇತ್ತು, ಮೇಲಿನಿಂದ ಯಾರೋ ಸೋಪು ಬಿಟ್ಟಿರಬೇಕು.” ಸೋಪು ಆಗಿರಲೇಬೇಕೆಂದಿಲ್ಲ. ಕಾಡಿನ ಹೊಳೆಯಲ್ಲಿ ಕೊಳೆತ ಎಲೆಗಳ ಸತ್ವ ನೀರಿಗಿಳಿದಾಗ, ನೀರು ಬಂಡೆಗೆ ಬಡಿದಲ್ಲಿ ತಾನಾಗಿಯೇ ಕೆನೆಬಣ್ಣದ ನೊರೆ ಕಟ್ಟುತ್ತದೆ. ಆ ನೊರೆಯೊಳಗೆ ಹೊಳೆಯ ಶಿಲೀಂಧ್ರಗಳ ಬೀಜಕಗಳು ಸಿಕ್ಕಿಬಿದ್ದಿರುತ್ತವೆ. ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೇರೆಲ್ಲೂ ಕಾಣದ ಆಕಾರಗ‍ಳು: ಗಾಜಿನಂತೆ ಪಾರದರ್ಶಕವಾದ ನಾಲ್ಕು ಕೈಗಳ ನಕ್ಷತ್ರಗಳು, ಉದ್ದನೆಯ ಬಾಗಿದ ಎಳೆಗಳು, ಕವಲೊಡೆದ ಕಡ್ಡಿಗಳು. ನಾಲ್ಕು ಕೈ ಏಕೆ? ಬಾವಿಗೆ ಬಿದ್ದ ಕೊಡಪಾನ ತೆಗೆಯುವ ಪಾತಾಳಗರಡಿಯನ್ನು ನೆನಪಿಸಿಕೊಳ್ಳಿ. ಹರಿಯುವ ನೀರಿನಲ್ಲಿ ತೇಲಿ ಬರುವ ಬೀಜಕಕ್ಕೆ ಮುಳುಗಿದ ಎಲೆಯೊಂದು ಸಿಕ್ಕಾಗ ಜಾರಿ ಹೋಗದೆ ನಿಲ್ಲಬೇಕು. ನಾಲ್ಕು ಕೈಗಳಲ್ಲಿ ಯಾವ ಮೂರು ತಾಕಿದರೂ ಮೂರು ಕಲ್ಲಿನ ಒಲೆಯಂತೆ ಗಟ್ಟಿಯಾಗಿ ಕೂರುತ್ತದೆ, ಅಲ್ಲಿಂದ ಮೊಳೆಯುತ್ತದೆ.

ಈ ಶಿಲೀಂಧ್ರಗಳ ಲೋಕವನ್ನು ಇಂಗ್ಲೆಂಡಿನ ಶಿಲೀಂಧ್ರತಜ್ಞ ಇಂಗೋಲ್ಡ್ 1942ರಲ್ಲಿ, ಒಂದು ತೊರೆಯಲ್ಲಿ ಕೊಳೆಯುತ್ತಿದ್ದ ಆಲ್ಡರ್ ಮರದ ಎಲೆಗಳನ್ನು ನೋಡಿ ವಿವರಿಸಿದರು. ನಮ್ಮ ಘಟ್ಟದ ಹೊಳೆಗಳಲ್ಲಿ ಅದನ್ನು ದಶಕಗಳ ಕಾಲ ಹುಡುಕಿ ದಾಖಲಿಸಿದವರು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಪ್ರೊ. ಕೆ. ಆರ್. ಶ್ರೀಧರ್ ಮತ್ತು ಅವರ ವಿದ್ಯಾರ್ಥಿಗಳು. ಹೊಳೆಗೆ ಬಿದ್ದ ಎಲೆಯನ್ನು ಹುಳುಹುಪ್ಪಟೆಗಳು ಹಾಗೇ ತಿಂದು ಜೀರ್ಣಿಸಿಕೊಳ್ಳಲಾರವು. ಶಿಲೀಂಧ್ರ ಮೊದಲು ಎಲೆಯೊಳಗೆ ಹೊಕ್ಕು ಅದನ್ನು ಮೆತ್ತಗೆ ಮಾಡಿ, ತನ್ನ ಮೈಯ ಸತ್ವವನ್ನೂ ಸೇರಿಸಿ ಕೊಡುತ್ತದೆ. ಅಕ್ಕಿ ಉದ್ದನ್ನು ರುಬ್ಬಿ ರಾತ್ರಿಯಿಡೀ ಹುಳಿ ಬರಿಸಿ ಇಡುತ್ತೇವಲ್ಲ, ಹೊಳೆಯಲ್ಲಿ ಆ ಕೆಲಸ ಇವುಗಳದ್ದು. ಆಮೇಲೆ ಹುಳುಗಳು ಎಲೆ ತಿನ್ನುತ್ತವೆ, ಹುಳುಗಳನ್ನು ಮೀನು ತಿನ್ನುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ಹೊಳೆಗೆ ಇಳಿಯುವುದೇ ಅಪಾಯ. ನೀರು ತಿಳಿಯಾಗಿ ಎಲೆಗಳು ಬಂಡೆಸಂದಿಯಲ್ಲಿ ನಿಂತಿರುವ ಡಿಸೆಂಬರ್ ನೋಡುವವರಿಗೆ ಅನುಕೂಲದ ಕಾಲ. ನಿಮ್ಮ ನಡಿಗೆ ಆರಂಭವಾದ ಮಲ್ಪೆಯಲ್ಲೂ ನೊರೆ ಇತ್ತು, ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ನೊರೆ. ಅದರಲ್ಲೂ ಶಿಲೀಂಧ್ರಗಳಿವೆ. ಕೊರೊಲೊಸ್ಪೊರ ಎಂಬ ಕಡಲಿನ ಶಿಲೀಂಧ್ರ ಮರಳಿನ ಕಣಕ್ಕೆ ಅಂಟಿಕೊಂಡು ಕಪ್ಪು ಚುಕ್ಕೆಯಂತಹ ಹಣ್ಣು ಬಿಡುತ್ತದೆ. ಅದರ ಬೀಜಕದ ತುದಿಗಳಲ್ಲೂ ನಡುವಿನಲ್ಲೂ ಮುಳ್ಳು, ಎಳೆಗಳಂತಹ ಅಂಗಗಳಿರುತ್ತವೆ, ಅವೂ ನೊರೆಗೆ ಸಿಕ್ಕಿಕೊಳ್ಳುತ್ತವೆ. ಸಿಹಿನೀರಿನ ಶಿಲೀಂಧ್ರವೂ ಉಪ್ಪುನೀರಿನ ಶಿಲೀಂಧ್ರವೂ ಬೇರೆ ಬೇರೆ ಕುಲಗಳಿಂದ ಬಂದು, ನೀರಿನಲ್ಲಿ ತೇಲುವುದಕ್ಕೂ ಹಿಡಿಯುವುದಕ್ಕೂ ಕೈಚಾಚುವ ಉಪಾಯವನ್ನೇ ಕಂಡುಕೊಂಡಿವೆ. ಮುಂದಿನ ಸಲ ಮಲ್ಪೆಯ ನೊರೆ ಒಂದು ಸಣ್ಣ ಬಾಟಲಿಯಲ್ಲಿ, ಸೀತಾನದಿಯ ನೊರೆ ಇನ್ನೊಂದರಲ್ಲಿ ತನ್ನಿ. ನೊರೆ ಇಳಿದು ನೀರಾಗುತ್ತದೆ, ಆ ನೀರೇ ಸಾಕು. ಹೊಳೆಯದ್ದನ್ನು ಅಭಯಾರಣ್ಯದ ಹೊರಗೆ, ಹೆಬ್ರಿಯ ಕಡೆ ಸೇತುವೆಯ ಬಳಿ ತೆಗೆದುಕೊಳ್ಳಿ. ಬೇಗ ನೋಡಿದಷ್ಟೂ ಒಳ್ಳೆಯದು. ಶಾಲೆಯ ಪ್ರಯೋಗಾಲಯದಲ್ಲಿ ಲ್ಯಾಕ್ಟೋಫೀನಾಲ್ ಕಾಟನ್ ಬ್ಲೂ ಇದ್ದರೆ ಒಂದು ಹನಿ ಹಾಕಲಿ, ಪಾರದರ್ಶಕ ಕೈಗಳು ನೀಲಿಯಾಗಿ ಎದ್ದು ಕಾಣುತ್ತವೆ.

ಮುಟ್ಟುವ, ತಿನ್ನುವ ವಿಷಯ. ಅಣಬೆಯ ವಿಷ ಹೊಟ್ಟೆಗೆ ಹೋದರೆ ಮಾತ್ರ ಏರುತ್ತದೆ, ಮುಟ್ಟಿದರೆ ಏನೂ ಆಗುವುದಿಲ್ಲ. ಕೈ ತೊಳೆದುಕೊಂಡರಾಯಿತು. ಒಣ ಶಿಲೀಂಧ್ರವನ್ನು ಮೂಗಿಗೆ ಹಿಡಿದು ಮೂಸುವುದು, ಹುಡಿಯನ್ನು ಊದುವುದು ಬೇಡ; ಕೆಲವರಿಗೆ ಬೀಜಕಗಳಿಂದ ಮೂಗು, ಶ್ವಾಸಕೋಶಗಳಿಗೆ ತೊಂದರೆಯಾಗುತ್ತದೆ. ನೀವು ಕಂಡ ಆರರಲ್ಲಿ ಯಾವುದನ್ನೂ ಅಡುಗೆಗೆ ಎಣಿಸಬೇಡಿ. ಬೀಸಣಿಗೆಯನ್ನು ಮಣಿಪುರದಲ್ಲಿ ಕಾಂಗ್ಲಾಯೆನ್ ಎಂದು ಕರೆದು ತಿನ್ನುತ್ತಾರೆ ನಿಜ. ಆದರೆ ಅವರಿಗೆ ತಲೆಮಾರುಗಳ ಪಳಗಿದ ಕಣ್ಣಿದೆ, ನಮಗೆ ಆ ಅಭ್ಯಾಸವಿಲ್ಲ. ನಮ್ಮ ಕಣ್ಣು ಪಳಗಿರುವುದು ಕಲ್ಲಣಬೆಗೆ. ಜೂನ್‌ನ ಮೊದಲ ಮಳೆಗಳಲ್ಲಿ ಕಿರಾಲುಬೋಗಿಯಂಥ ಮರಗಳ ಬುಡದಲ್ಲಿ, ಬೇರುಗಳೊಂದಿಗೆ ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡು ಬೆಳೆಯುವ ಆ ಗುಂಡುಗಳನ್ನು ಒಡೆದು, ಒಳಗೆ ಬೆಳ್ಳಗಿದ್ದರೆ ಮಾತ್ರ ತಿನ್ನುವ ಕ್ರಮ ನಮ್ಮ ಅಜ್ಜಿಯರದ್ದು. ಬಲಿತು ಕಪ್ಪಾದದ್ದನ್ನು ಅವರು ಬಿಡುತ್ತಿದ್ದರು. ಆ ಜ್ಞಾನ ಆ ಒಂದು ಜಾತಿಗೆ ಸೀಮಿತ. ಬೆಳ್ಳಿ ಚಮಚ ಕಪ್ಪಾಗದಿದ್ದರೆ ಒಳ್ಳೆಯ ಅಣಬೆ, ಅರಶಿನ ಹಾಕಿ ಬೇಯಿಸಿದರೆ ವಿಷ ಹೋಗುತ್ತದೆ, ಹುಳ ತಿಂದದ್ದನ್ನು ನಾವೂ ತಿನ್ನಬಹುದು, ಈ ಮೂರೂ ಮಾತುಗಳು ಸುಳ್ಳು. ಅತಿ ಮಾರಕವಾದ ಅಮಾನಿಟ ಕುಲದ ಅಣಬೆಗಳ ವಿಷ ಕುದಿಸಿದರೆ ಹೋಗುವುದಿಲ್ಲ. ತಿಂದು ಆರು ಗಂಟೆ, ಹನ್ನೆರಡು ಗಂಟೆ ಕಳೆದ ಮೇಲೆ ವಾಂತಿ ಶುರುವಾಗುವ ಹೊತ್ತಿಗೆ ಯಕೃತ್ತಿಗೆ ಪೆಟ್ಟು ಬಿದ್ದಾಗಿರುತ್ತದೆ. ಹಾಗೇನಾದರೂ ಆದರೆ ಉಳಿದ ಅಣಬೆಯ ತುಂಡನ್ನೂ ಹಿಡಿದುಕೊಂಡು ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮುಂದಿನ ನಡಿಗೆಗೆ ಹೆಚ್ಚಿನ ಸಾಮಾನು ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೆನ್ಸ್, ಅಂಗೈಯಷ್ಟು ದೊಡ್ಡ ಒಂದು ಕನ್ನಡಿ. ಕನ್ನಡಿಯನ್ನು ಅಡಿಗೆ ಹಿಡಿದರೆ ಶಿಲೀಂಧ್ರವನ್ನು ಕೀಳದೆಯೇ ರಂಧ್ರ, ಪದರಗಳನ್ನು ನೋಡಬಹುದು. ಸೋಮೇಶ್ವರ ವನ್ಯಜೀವಿ ಅಭಯಾರಣ್ಯದೊಳಗೆ ಇದು ಸೌಜನ್ಯಕ್ಕಿಂತ ಹೆಚ್ಚಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿಂದ ಏನನ್ನೂ ಕಿತ್ತು ತರುವಂತಿಲ್ಲ, ಕಾಡಿನ ದಾರಿ ಹಿಡಿಯುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಮೊಬೈಲ್‌ನಲ್ಲಿ ಚಿತ್ರ ತೆಗೆಯುವಾಗ ಮೇಲ್ಭಾಗ, ಕೆಳಭಾಗ, ಬುಡ, ಅದು ಬೆಳೆದ ಮರ ಎಲ್ಲವೂ ಬರಲಿ. ಮೇಲಿನಿಂದ ತೆಗೆದ ಒಂದೇ ಒಂದು ಸುಂದರ ಚಿತ್ರದಿಂದ ಹೆಸರು ಹೇಳುವುದು ಕಷ್ಟ. ಬೆಳಗ್ಗೆ ಇಬ್ಬನಿ ಆರುವ ಮೊದಲಿನ ಎರಡು ಗಂಟೆಯನ್ನು ನೋಡುವುದಕ್ಕೆ ಮೀಸಲಿಡಿ, ದೂರ ಕ್ರಮಿಸುವುದು ಆಮೇಲೆ ಆಗಲಿ. ರಾತ್ರಿಯ ತೇವಕ್ಕೆ ತೊಗಲಿನಂಥವು ಮೆತ್ತಗಾಗಿ ಬಣ್ಣ ತಿಳಿಯಾಗಿರುತ್ತದೆ, ಕಿವಿ ಅಣಬೆಗಳು ಉಬ್ಬಿ ನಿಂತಿರುತ್ತವೆ. ಹತ್ತು ಗಂಟೆಯ ಬಿಸಿಲಿಗೆ ಅದೇ ಕಿವಿ ಮುದುಡಿ ಕಪ್ಪು ಸಿಪ್ಪೆಯಾಗಿ ಕೊಂಬೆಗೆ ಅಂಟಿಕೊಳ್ಳುತ್ತದೆ, ಪಕ್ಕದಲ್ಲೇ ಹಾದುಹೋದರೂ ತಿಳಿಯುವುದಿಲ್ಲ. ನೆಂಟರ ಮನೆಗಳಲ್ಲಿ ತಂಗಿದಾಗ ಸೌದೆ ಕೊಟ್ಟಿಗೆಯನ್ನು ನೋಡಲು ಮರೆಯಬೇಡಿ. ಹಲವು ಜಾತಿಯ ಮರ ಒಂದೇ ಕಡೆ ಒಟ್ಟಿರುವುದರಿಂದ ಒಂದು ಇಡೀ ಗುಡ್ಡದ ಶಿಲೀಂಧ್ರಗಳು ಅಲ್ಲಿ ಸಿಗುತ್ತವೆ. ಮಗಳು ಕಂಡದ್ದಕ್ಕೆಲ್ಲ ಹೆಸರು ಸಿಗದಿದ್ದರೆ ಬೇಸರಪಡುವುದು ಬೇಡ. ವಿಜ್ಞಾನಿಗಳು ಇದುವರೆಗೆ ಹೆಸರಿಟ್ಟಿರುವ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ. ಜಗತ್ತಿನಲ್ಲಿ ಇರುವುದು 22 ಲಕ್ಷದಿಂದ 38 ಲಕ್ಷ ಎಂದು 2017ರ ಒಂದು ಅಂದಾಜು.

ಕಂಪಾಸ್ ಪೆಟ್ಟಿಗೆಯ ಬೀಸಣಿಗೆ ಕೊನೆಗೆ. ಅದು ಸ್ಕೈಜೋಫಿಲಮ್ ಕಮ್ಯೂನ್, ಅಂಟಾರ್ಕ್ಟಿಕವನ್ನು ಬಿಟ್ಟು ಎಲ್ಲ ಖಂಡಗಳಲ್ಲೂ ಇರುವ ಶಿಲೀಂಧ್ರ. ನಮ್ಮಲ್ಲಿ ಗಂಡು ಹೆಣ್ಣು ಎಂಬ ಎರಡು ವಿಧಗಳಿದ್ದರೆ ಇದರಲ್ಲಿ ಪರಸ್ಪರ ಕೂಡಬಲ್ಲ ವಿಧಗಳು 20,000ಕ್ಕೂ ಹೆಚ್ಚು. ಅದರ ಅಡಿಯ ಪದರಗಳು ಉದ್ದಕ್ಕೆ ಎರಡಾಗಿ ಸೀಳಿರುತ್ತವೆ. ಒಣಗಿದಾಗ ಆ ಎರಡೂ ಸೀಳುಗಳು ಹೊರಕ್ಕೆ ಸುರುಳಿಯಾಗಿ ಬೀಜಕ ಹುಟ್ಟುವ ಮೇಲ್ಮೈಯನ್ನು ಒಳಗೆ ಮುಚ್ಚಿಕೊಳ್ಳುತ್ತವೆ, ತೇವ ಸಿಕ್ಕಾಗ ಬಿಚ್ಚಿಕೊಳ್ಳುತ್ತವೆ. ದಶಕಗಳ ಕಾಲ ಒಣಗಿಸಿ ಇಟ್ಟದ್ದು ಮತ್ತೆ ಬೀಜಕ ಬಿಟ್ಟ ದಾಖಲೆ ಇದೆ. ನಿಮ್ಮ ಮಗಳದ್ದು ಕೆಲವು ತಿಂಗಳಿಂದ ಪೆಟ್ಟಿಗೆಯಲ್ಲಿರುವುದು. ಒಂದು ತಟ್ಟೆಯಲ್ಲಿ ಒದ್ದೆ ಹತ್ತಿಬಟ್ಟೆ ಹಾಸಿ ಅದರ ಮೇಲೆ ಬೀಸಣಿಗೆಯನ್ನು ಇಟ್ಟು, ಲೋಟವೊಂದನ್ನು ಮಗುಚಿ ಸಂಜೆಯಿಂದ ಬೆಳಗಿನವರೆಗೆ ಬಿಡಲಿ. ಬೆಳಗ್ಗೆ ಲೆನ್ಸ್ ಹಿಡಿದು ಅಡಿಯನ್ನು ನೋಡಿದರೆ ಸುರುಳಿಗಳು ಬಿಚ್ಚಿರುತ್ತವೆ. ಆಮೇಲೆ ಒಂದು ಕಪ್ಪು ಕಾಗದದ ಮೇಲೆ, ಅಡಿ ಕೆಳಗಾಗುವಂತೆ ಇಟ್ಟು, ಪಕ್ಕದಲ್ಲಿ ಒದ್ದೆ ಹತ್ತಿಯ ಉಂಡೆಯಿಟ್ಟು ಮತ್ತೆ ಲೋಟ ಮುಚ್ಚಿ ಇನ್ನೊಂದು ರಾತ್ರಿ ಬಿಡಲಿ. ಅದು ಬದುಕಿದ್ದರೆ ಕಾಗದದ ಮೇಲೆ ತೆಳ್ಳನೆಯ ಬಿಳಿ ಹುಡಿ ಗೆರೆಗೆರೆಯಾಗಿ ಬಿದ್ದಿರುತ್ತದೆ. ಮೊದಲ ರಾತ್ರಿ ಬೀಳದಿದ್ದರೆ ಹತ್ತಿಯನ್ನು ಮತ್ತೆ ಒದ್ದೆ ಮಾಡಿ ಇನ್ನೂ ಒಂದು ರಾತ್ರಿ ಕಾಯಲಿ.